ಬಾತಿ ದಾಟಿದ ಮೇಲೆ ಮಾಡಿದ ಸನ್ನೆ

ರಸ್ತೆಗೆ ಇಳಿದ ಕೂಡಲೇ ನನಗೆ ಸಿಟ್ಟು ಬರುತ್ತದೆ. ಮನೆಯಲ್ಲಿ, ಕಚೇರಿಯಲ್ಲಿ ನನಗೆ ಸಾಧು ಮನುಷ್ಯನೆಂದೇ ಹೆಸರು. ಸ್ಕೂಟರಿನ ಕೀಲಿ ತಿರುವಿದರೆ ಎಂಜಿನ್ನಿಗಿಂತ ಮೊದಲು ಇವರ ಬಾಯಿ ಸ್ಟಾರ್ಟ್ ಆಗುತ್ತದೆ ಎಂದು ನನ್ನ ಹೆಂಡತಿ ನೆಂಟರ ಮುಂದೆ ಹೇಳಿ ನಗಿಸುತ್ತಾಳೆ. ನಾನೂ ಜೊತೆಗೆ ನಗುತ್ತಿದ್ದೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ, ಹರಿಹರದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಬಹಳ ವರ್ಷಗಳಿಂದ ಬೆಳಿಗ್ಗೆ ಹೋಗುವುದು, ಸಂಜೆ ಬರುವುದು. ಸಿಟ್ಟು ಮಾಡಿಕೊಳ್ಳಲು ಅಷ್ಟು ದಾರಿ ಸಾಕು.

ಮೊದಲ ಸಿಟ್ಟು ನಮ್ಮ ಓಣಿಯ ತಿರುವಿನಲ್ಲೇ. ಹಾಲು ಹಾಕುವವನು ಬೈಕನ್ನು ರಸ್ತೆಗೆ ಅಡ್ಡಲಾಗಿ ನಿಲ್ಲಿಸಿ, ಯಾರದೋ ಮೆಟ್ಟಿಲ ಮೇಲೆ ಕಾಲಿಟ್ಟು ಮಾತಿಗೆ ನಿಂತಿರುತ್ತಾನೆ. ಹಾರನ್ ಹೊಡೆದರೆ ತಿರುಗಿ ನೋಡಿ, ಸಂದಿಯಲ್ಲಿ ಹೋಗಿ ಎಂದು ಕೈ ತೋರಿಸುತ್ತಾನೆ. ಗಾಡಿ ಮಾತ್ರ ತೆಗೆಯುವುದಿಲ್ಲ. ಅವನನ್ನು ದಾಟಿದರೆ ಆಟೊಗಳು. ಆಟೊದವನು ತಿರುಗುವ ಮುಂಚೆ ಇಂಡಿಕೇಟರ್ ಹಾಕಿದ್ದನ್ನು ನಾನು ನೋಡಿಲ್ಲ, ಒಂದು ಕಾಲನ್ನು ಹೊರಗೆ ಚಾಚುತ್ತಾನೆ, ಆ ಕಾಲೇ ಇಂಡಿಕೇಟರ್. ಬೈಕಿನವರಲ್ಲಿ ಇನ್ನೊಂದು ಜಾತಿಯಿದೆ. ದಾವಣಗೆರೆಯಲ್ಲಿ ಹಾಕಿದ ಬಲಗಡೆಯ ಇಂಡಿಕೇಟರ್ ಹರಿಹರದ ತನಕ ಮಿಣುಕುತ್ತಲೇ ಇರುತ್ತದೆ. ಇವನು ಈಗ ತಿರುಗುತ್ತಾನೆ, ಆಗ ತಿರುಗುತ್ತಾನೆ ಎಂದು ಹಿಂದಿನವನು ಜೀವ ಕೈಯಲ್ಲಿ ಹಿಡಿದುಕೊಂಡು ಬರಬೇಕು.

ರೈಲ್ವೆ ಗೇಟ್ ಬಿದ್ದಾಗಲಂತೂ ನೋಡಬೇಕು. ಎಡಗಡೆ ಸಾಲಾಗಿ ನಿಂತರೆ ಎಲ್ಲರೂ ಎರಡು ನಿಮಿಷದಲ್ಲಿ ದಾಟಬಹುದು. ನಮ್ಮವರು ಹಾಗೆ ನಿಲ್ಲುವುದಿಲ್ಲ. ಈ ಕಡೆಯವರು ರಸ್ತೆ ತುಂಬ ನಿಲ್ಲುತ್ತಾರೆ, ಆ ಕಡೆಯವರೂ ರಸ್ತೆ ತುಂಬ ನಿಲ್ಲುತ್ತಾರೆ. ಗೇಟ್ ಎದ್ದ ಕೂಡಲೇ ಎರಡೂ ದಂಡು ಹಳಿಯ ಮೇಲೆ ಮುಖಾಮುಖಿ. ನಾನು ಒಬ್ಬನೇ ಎಡಗಡೆ ಸಾಲಿನಲ್ಲಿ ನಿಂತು, ಹಿಂದಿನವರ ಹಾರನ್ ಕೇಳುತ್ತಾ, ಪಕ್ಕದವರಿಗೆ ಬುದ್ಧಿ ಹೇಳುತ್ತಾ ಇರುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ತನ್ನ ಸ್ಕೂಟಿಯಿಂದಲೇ, ಅಂಕಲ್, ನೀವು ಮೇಷ್ಟ್ರಾ ಎಂದು ಕೇಳಿದಳು. ಹೆಂಡತಿ ಹಿಂದೆ ಕೂತು ಕುಲುಕಾಡಿ ನಕ್ಕಳು.

ಇಷ್ಟೆಲ್ಲ ಹೇಳುತ್ತಿರುವುದು ನನ್ನ ದೊಡ್ಡಸ್ತಿಕೆ ಕೊಚ್ಚಿಕೊಳ್ಳಲಿಕ್ಕಲ್ಲ. ನಾನು ಎಂಥ ಮನುಷ್ಯ ಎಂದುಕೊಂಡಿದ್ದೆ ಎಂಬುದು ತಿಳಿಯಲಿ ಎಂದು. ರಾಂಗ್ ಸೈಡಿನಲ್ಲಿ ಒಂದು ಮಾರು ದೂರವೂ ಹೋದವನಲ್ಲ. ಮನೆಯಿಂದ ದಿನಸಿ ಅಂಗಡಿಗೆ ಹೋಗುವಾಗಲೂ ಹೆಲ್ಮೆಟ್ ಹಾಕುತ್ತೇನೆ. ಆದರೆ ಒಂದು ಕೆಲಸವನ್ನು ಮಾತ್ರ ಎಲ್ಲರಂತೆ ಮಾಡುತ್ತಿದ್ದೆ, ಅದು ತಪ್ಪೆಂದು ಒಂದು ದಿನವೂ ಅನ್ನಿಸಿರಲಿಲ್ಲ.

ನಮ್ಮ ಕಡೆ ರಸ್ತೆಯಲ್ಲಿ ಪೊಲೀಸರು ಹೆಲ್ಮೆಟ್ ತಪಾಸಣೆಗೆ ನಿಂತಿದ್ದರೆ, ಅವರನ್ನು ದಾಟಿ ಬಂದವರು ಎದುರಿಗೆ ಬರುವ ಬರಿತಲೆಯವರಿಗೆ ಸನ್ನೆ ಮಾಡುತ್ತಾರೆ. ಬಲಗೈ ಆಕ್ಸಿಲರೇಟರ್ ಮೇಲಿರುವುದರಿಂದ ಎಡಗೈಯಲ್ಲಿ ತಲೆಯನ್ನು ಎರಡು ಸಲ ತಟ್ಟಿಕೊಳ್ಳುವುದು. ಅಷ್ಟೇ. ಮುಂದೆ ಹಿಡಿಯುತ್ತಿದ್ದಾರೆ, ನೋಡಿಕೋ ಎಂದು ಅರ್ಥ. ಎದುರಿನವನು ಹೆಲ್ಮೆಟ್ಟನ್ನು ಮೊಣಕೈಗೆ ನೇತು ಹಾಕಿಕೊಂಡಿದ್ದರೆ ತಲೆಗೆ ಏರಿಸುತ್ತಾನೆ. ಇಲ್ಲದಿದ್ದರೆ ಗಾಡಿ ತಿರುಗಿಸಿಕೊಂಡು ಬೇರೆ ದಾರಿ ಹಿಡಿಯುತ್ತಾನೆ. ಹೋಗುವಾಗ ಕೈ ಎತ್ತಿ ಒಂದು ಸಲಾಮು ಹೊಡೆಯುತ್ತಾನೆ. ಒಬ್ಬರಿಗೊಬ್ಬರು ದಾರಿ ಬಿಡದ, ಒಬ್ಬರ ಮುಖ ಒಬ್ಬರು ನೋಡದ ಆ ರಸ್ತೆಯಲ್ಲಿ ಗುರುತಿಲ್ಲದವರು ಗುರುತಿಲ್ಲದವರಿಗೆ ಮಾಡುತ್ತಿದ್ದ ಉಪಕಾರ ಅದೊಂದೇ. ಹೆಲ್ಮೆಟ್ ರೂಢಿಯಾಗುವ ಮುಂಚೆ ನನಗೂ ಎಷ್ಟೋ ಜನ ಮಾಡಿದ್ದರು. ನಾನೂ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಸಲಾಮು ನನಗೆ ಬೇಕಾಗಿತ್ತು. ದಿನವೆಲ್ಲ ಬೈದುಕೊಂಡು ಓಡಾಡುವವನಿಗೆ ಅದೊಂದು ಸಮಾಧಾನ.

ಅವತ್ತು ಬೆಳಿಗ್ಗೆ ಪೊಲೀಸರು ದಾರಿಯಲ್ಲಿ ಸಿಗುವ ಬಾತಿ ಊರಿಗೆ ಸ್ವಲ್ಪ ಮುಂಚೆ, ದಾವಣಗೆರೆ ಕಡೆ ನಿಂತಿದ್ದರು. ನಾನು ಹೆಲ್ಮೆಟ್ ಹಾಕಿದ್ದವನು, ಎದೆ ಸೆಟೆಸಿಕೊಂಡೇ ದಾಟಿದೆ. ಬಾತಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಹರಿಹರದ ಕಡೆಯಿಂದ ಒಂದು ಬೈಕ್ ಬಂತು. ಗಂಡ ಹೆಂಡತಿ ಇಬ್ಬರ ತಲೆಯೂ ಬರಿದು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಟ್ಯಾಂಕಿನ ಮೇಲೆ ಹಸಿರು ಕೈಚೀಲ. ಅವಳು ಸೀರೆಯುಟ್ಟ ಹೆಂಗಸರು ಕೂರುವ ಹಾಗೆ ಎರಡೂ ಕಾಲನ್ನು ಎಡಗಡೆಗೆ ಬಿಟ್ಟು, ರಸ್ತೆಯ ಅಂಚಿನ ಕಡೆ ಮುಖ ಮಾಡಿ ಕೂತಿದ್ದಳು. ಊಟಕ್ಕೋ ಕಾರ್ಯಕ್ಕೋ ಹೊರಟವರು ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಪಾಪ, ಒಳ್ಳೆಯ ದಿನ ದಂಡ ಕಟ್ಟಬೇಕಾಗುತ್ತದಲ್ಲ ಎಂದುಕೊಂಡು ಎಡಗೈ ಎತ್ತಿ ತಲೆ ತಟ್ಟಿಕೊಂಡೆ. ಒಂದು ಸಲ, ಮತ್ತೊಂದು ಸಲ.

ಅವನು ನೋಡಿದ. ತಲೆಯಾಡಿಸಿದ. ಅಲ್ಲೇ ಡಿವೈಡರ್ ಒಡೆದು ಯಾರೋ ದಾರಿ ಮಾಡಿಕೊಂಡಿದ್ದರು. ಒಂದು ಬೈಕ್ ನುಸುಳುವಷ್ಟು ಜಾಗ. ಅವನು ಸಲಾಮು ಹೊಡೆಯುತ್ತಾನೇನೋ ಎಂದು ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಆ ಸಂದಿಯಲ್ಲಿ ಅವನು ಗಾಡಿ ಹೊರಳಿಸಿದ್ದು ಕಂಡಿತು. ನನ್ನ ಹಿಂದೆ ಬರುತ್ತಿದ್ದ ಲಗೇಜ್ ಆಟೊ ಕಂಡಿತು. ಬ್ರೇಕಿನ ಸದ್ದು ಕೇಳಿತು.

ಆಟೊ ಬಡಿದಿದ್ದು ಬೈಕಿನ ಎಡಮಗ್ಗುಲಿಗೆ. ಅಂದರೆ ಅವಳ ಕಾಲುಗಳಿಗೆ.

ನಾನು ಸ್ಕೂಟರನ್ನು ಹಾಗೇ ಬಿಟ್ಟು ಓಡಿದೆ. ಇದನ್ನು ಒಂದು ಒಳ್ಳೆಯ ಗುಣ ಎಂದು ನನ್ನ ಲೆಕ್ಕಕ್ಕೆ ಹಾಕಬೇಕಾದ್ದಿಲ್ಲ, ಯಾರೇ ಆದರೂ ಓಡುತ್ತಿದ್ದರು. ಅವನಿಗೆ ಮೊಣಕೈ ತರಚಿತ್ತು ಅಷ್ಟೇ. ಅವಳ ಎಡಗಾಲು ಮೊಣಕಾಲಿನ ಕೆಳಗೆ ಇರಬಾರದ ರೀತಿಯಲ್ಲಿ ಇತ್ತು. ಅವಳು ಅಳುತ್ತಿರಲಿಲ್ಲ, ಸೀರೆಯ ನೆರಿಗೆಯನ್ನು ಕಾಲ ಮೇಲೆ ಎಳೆದುಕೊಳ್ಳುತ್ತಿದ್ದಳು. ಆ ಲಗೇಜ್ ಆಟೊದಲ್ಲೇ ಅವಳನ್ನು ಮಲಗಿಸಿದೆವು. ಬಿದ್ದಿದ್ದ ಹಸಿರು ಚೀಲವನ್ನು ನಾನೇ ಆರಿಸಿಕೊಂಡೆ. ಸ್ಕೂಟರ್ ತೆಗೆದುಕೊಂಡು ಅವರ ಹಿಂದೆಯೇ ದಾವಣಗೆರೆಗೆ ವಾಪಸ್ ಹೊರಟೆ. ಯಾರಿಂದ ತಪ್ಪಿಸಿಕೊಳ್ಳಲು ಅವರು ತಿರುಗಿದ್ದರೋ ಆ ಪೊಲೀಸರೇ ದಾರಿಯಲ್ಲಿ ನಿಂತು, ಬೇರೆ ಗಾಡಿಗಳನ್ನು ತಡೆದು, ನಮ್ಮನ್ನು ಮುಂದೆ ಬಿಟ್ಟರು. ಹೆಲ್ಮೆಟ್ ಬಗ್ಗೆ ಒಬ್ಬರೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಓಡಾಡಿದ್ದೆಲ್ಲ ನಾನೇ. ಸ್ಟ್ರೆಚರ್ ತರಿಸಿದೆ, ಚೀಟಿ ಮಾಡಿಸಿದೆ, ಔಷಧಿ ಅಂಗಡಿಗೆ ಹೋಗಿ ಬಂದೆ. ಅವನಿಗೆ ಫೋನಿನ ಗುಂಡಿ ಒತ್ತಲೂ ಆಗುತ್ತಿರಲಿಲ್ಲ. ಅವನ ಮಾವನಿಗೆ ನಾನೇ ಫೋನ್ ಮಾಡಿ ಹೇಳಿದೆ. ಗಂಡ ಹೆಂಡತಿ ಹರಿಹರ ತಾಲೂಕಿನ ಕಡರನಾಯಕನಹಳ್ಳಿಯವರು, ಹೊರಟಿದ್ದು ನಿಟ್ಟುವಳ್ಳಿಯಲ್ಲಿದ್ದ ಅವಳ ತವರಿಗೆ ಎಂದು ಆಗ ಗೊತ್ತಾಯಿತು. ನಮ್ಮ ಮನೆಯಿಂದ ಮೂರು ಓಣಿ ಆಚೆ.

ಮಾವ ಬಂದರು. ಎಪ್ಪತ್ತರ ಹತ್ತಿರದ, ಎತ್ತರದ ಆಳು, ಜೀವಮಾನವೆಲ್ಲ ಲಾರಿ ಓಡಿಸಿ ಬಿಟ್ಟವರು. ಮಗಳನ್ನು ಒಳಗೆ ನೋಡಿ ಬಂದು, ಗೋಡೆಯ ಪಕ್ಕದ ಬೆಂಚಿನ ಮುಂದೆ ಅಳಿಯನನ್ನು ನಿಲ್ಲಿಸಿಕೊಂಡು, ಅಂಥ ರಸ್ತೆಯ ನಡುವೆ ಯಾಕೆ ತಿರುಗಿಸಿದೆ ಎಂದು ಕೇಳಿದರು. ದನಿ ಏರಿಸಲಿಲ್ಲ. ಒಬ್ಬರು ತಲೆ ತಟ್ಟಿ ತೋರಿಸಿದರು, ಮುಂದೆ ಪೊಲೀಸರಿದ್ದಾರೆ ಎಂದು ತಿರುಗಿಸಿದೆ ಎಂದು ಅವನು ಹೇಳಿದ. ಯಾರು ಎಂದರು. ಹೆಲ್ಮೆಟ್ ಹಾಕಿದ್ದರು, ಮುಖ ಕಾಣಲಿಲ್ಲ, ನಾನು ಆ ಸಂದಿ ನೋಡುತ್ತಿದ್ದೆ ಎಂದ. ಹೆಲ್ಮೆಟ್ ಹಾಕಿಕೊಂಡು ಹೋಗುವವನಿಗೆ ನಿನ್ನ ಉಸಾಬರಿ ಯಾಕೆ ಎಂದು ಮಾವ ಕೇಳಿದರು. ಮಗಳು ನೋವಿನಲ್ಲೇ ಹೇಳಿದ್ದಳಂತೆ, ನಾನು ಯಾರನ್ನೂ ನೋಡಲಿಲ್ಲ ಅಪ್ಪಾ ಎಂದು. ಹೇಗೆ ನೋಡುತ್ತಾಳೆ? ಅವಳು ಕೂತಿದ್ದು ಆ ಕಡೆ ಮುಖ ಮಾಡಿ.

ನಾನು ಆ ಬೆಂಚಿನ ಮೇಲೇ ಕೂತಿದ್ದೆ. ನನ್ನ ಕರಿ ಹೆಲ್ಮೆಟ್ ತೊಡೆಯ ಮೇಲಿತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟು, ಹಿಮ್ಮಡಿಯಿಂದ ಬೆಂಚಿನಡಿ ಸರಿಸಿದೆ. ಈ ಕೆಲಸವನ್ನು ನನ್ನ ಕಾಲು ತಾನಾಗಿ ಮಾಡಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ. ನಾನೇ ಮಾಡಿದೆ.

ಮುದುಕರು ನನ್ನ ಕಡೆ ತಿರುಗಿದರು. ಕೈ ಮುಗಿದು, ನಿಮ್ಮಿಂದ ನನ್ನ ಮಗಳು ಉಳಿದಳು ಎಂದರು. ಆಮೇಲೆ ಕೇಳಿದರು.

"ನೀವು ಮುಂದೇನೇ ಇದ್ದೋರು ಸರ್. ಯಾರಾದ್ರೂ ಹಂಗೆ ತಲೆ ತಟ್ಟಿ ತೋರಿಸಿದ್ದು ನೋಡಿದ್ರೇನ್ರಿ? ನೀವು ಹೂಂ ಅಂದ್ರೆ ನಾನು ನಂಬ್ತೀನಿ. ಮುಂದಕ್ಕೆ ಒಂದ್ ಮಾತು ಕೇಳಲ್ಲ."

ಅಳಿಯನೂ ನನ್ನನ್ನೇ ನೋಡುತ್ತಿದ್ದ.

"ಇಲ್ರಿ ಯಜಮಾನ್ರೆ," ಎಂದೆ. "ನಾನು ಯಾರನ್ನೂ ನೋಡಲಿಲ್ಲ."

ಯಾಕೆ ಹಾಗೆ ಹೇಳಿದೆ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ಪೊಲೀಸ್ ಕೇಸಾದರೆ ನನ್ನ ಹೆಸರೂ ಬರುತ್ತದೆ, ಕೆಲಸಕ್ಕೆ ತೊಂದರೆಯಾಗುತ್ತದೆ ಎಂಬ ಭಯ ಇತ್ತು. ಆದರೆ ಅದೊಂದೇ ಅಲ್ಲ. ಸುತ್ತ ನಿಂತವರೆಲ್ಲ ಅರ್ಧ ಗಂಟೆಯಿಂದ ನನ್ನನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು. ಆ ಮಾತನ್ನು ಕೈಯಾರೆ ಕೆಳಗಿಳಿಸಲು ನನಗೆ ಮನಸ್ಸಾಗಲಿಲ್ಲ. ಸಂಜೆ ಹೇಳಿದರಾಯಿತು, ನಾಳೆ ಒಬ್ಬರೇ ಇದ್ದಾಗ ಹೇಳಿದರಾಯಿತು ಎಂದುಕೊಂಡು ಬೆಂಚಿನಡಿಯ ಹೆಲ್ಮೆಟ್ ತೆಗೆದುಕೊಂಡು ಎದ್ದೆ.

ಅವಳ ಕಾಲಿಗೆ ರಾಡ್ ಹಾಕಿದರು. ತಿಂಗಳುಗಟ್ಟಲೆ ತವರಿನಲ್ಲೇ ಇದ್ದಳು. ಅವಳು ಊರಲ್ಲಿ ಭತ್ತದ ನಾಟಿ ಹಚ್ಚುವ ಹೆಂಗಸರ ಗುಂಪಿನ ಮುಂದಾಳು ಎಂದು ಮುದುಕರಿಂದಲೇ ನನಗೆ ಗೊತ್ತಾಗಿದ್ದು. ಹನ್ನೆರಡು ಹೆಂಗಸರು, ಚಾನಲ್ ಕಾಲುವೆಗೆ ನೀರು ಬಿಟ್ಟರೆ ಅವರಿಗೆ ಬಿಡುವೇ ಇಲ್ಲ, ಯಾವ ಗದ್ದೆಗೆ ಯಾವತ್ತು ಎಂದು ಹೇಳುವವಳು ಅವಳು. ಕೆಸರಿನಲ್ಲಿ ಬಗ್ಗಿ ಹಿಂದೆ ಹಿಂದೆ ಹೆಜ್ಜೆ ಇಡುವ ಕೆಲಸ ಅದು. ಆ ಕಾಲಿನಲ್ಲಿ ಇನ್ನು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗುಂಪನ್ನು ಬೇರೊಬ್ಬಳು ನಡೆಸುತ್ತಿದ್ದಳು.

ಮುದುಕರಿಗೂ ನನಗೂ ಸ್ನೇಹ ಬೆಳೆಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಬೆಳಿಗ್ಗೆ ಹಾಲು ತರಲು ಹೋದಾಗ ಮೂಲೆಯ ಹೋಟೆಲಿನ ಮುಂದೆ ಅವರು ಕೂತಿರುತ್ತಿದ್ದರು. ಕರೆದು ಚಹಾ ಕುಡಿಸುತ್ತಿದ್ದರು. ಇಬ್ಬರೂ ಕೂತು ರಸ್ತೆಯಲ್ಲಿ ಹೋಗುವವರನ್ನು ಬೈಯುತ್ತಿದ್ದೆವು. ಕುತ್ತಿಗೆ ಓರೆ ಮಾಡಿ ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಹೋಗುವವರು, ಮೂರು ಜನ ಕೂತು ನಾಲ್ಕನೆಯವನಿಗೆ ಜಾಗ ಮಾಡುವವರು, ಬಸ್ಸಿನ ಕಿಟಕಿಯಿಂದ ಎಲೆಯಡಿಕೆ ಉಗಿಯುವವರು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿಯುತ್ತಿದ್ದೆವು. ರಸ್ತೆಯ ಮರ್ಯಾದೆ ಗೊತ್ತಿರುವವರು ನಿಟ್ಟುವಳ್ಳಿಯಲ್ಲಿ ನೀವೊಬ್ಬರೇ ಎಂದು ಅವರು ನನಗೆ ಹೇಳುತ್ತಿದ್ದರು. ಅಷ್ಟು ವರ್ಷ ಲಾರಿ ಓಡಿಸಿದರೂ ಒಂದು ನಾಯಿಗೂ ಗಾಡಿ ತಾಗಿಸಿದವರಲ್ಲ ಅವರು.

ಮಾತು ಸುತ್ತಿ ಬಳಸಿ ಅಳಿಯನ ಹತ್ತಿರ ಬರುತ್ತಿತ್ತು. ಅವನು ವಾರಕ್ಕೆರಡು ಸಲ ಬಂದು ಹೆಂಡತಿಯನ್ನು ನೋಡಿಕೊಂಡು ಹೋಗುತ್ತಿದ್ದ. ಮಾವ ಅವನೊಡನೆ ಮಾತು ಬಿಟ್ಟಿದ್ದರು. ಮಗಳೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಪ್ರತಿ ಸಲ, ದೇವರಾಣೆ ಒಬ್ಬರು ತೋರಿಸಿದರು ಎಂದೇ ಹೇಳುತ್ತಿದ್ದನಂತೆ.

"ತಿರುಗಿಸಿದ್ದು ತಪ್ಪೇ, ಹೋಗ್ಲಿ. ಎಲ್ಲಾರೂ ಒಂದಲ್ಲ ಒಂದಿನ ತಿರುಗಿಸ್ತಾರೆ," ಎಂದರು ಮುದುಕರು ಒಂದು ದಿನ. "ಇಲ್ಲದ ಮನುಷ್ಯನ್ನ ಹುಟ್ಟಿಸಿ ಅವನ ಮೇಲೆ ಹಾಕ್ತಾನಲ್ಲ, ಅದು ನನಗೆ ಸೇರಲ್ಲ. ಸುಳ್ಳು ಹೇಳೋನ ಮನೆಗೆ ಮಗಳನ್ನ ಹೆಂಗೆ ಕಳಿಸ್ಲಿ?"

ಆಗ ಹೇಳಬಹುದಾಗಿತ್ತು. ಲೋಟ ಕೆಳಗಿಟ್ಟು, ಯಜಮಾನ್ರೆ, ಆ ಮನುಷ್ಯ ನಾನೇ ಎಂದರೆ ಮುಗಿಯುತ್ತಿತ್ತು. ನಾನು ಹೇಳಿದ್ದು, ಕಚೇರಿಗೆ ಹೊತ್ತಾಯಿತು ಎಂದು.

ಹೆಂಡತಿಗೆ ಮಾತ್ರ ಹೇಳಿದ್ದೆ. ಅಪಘಾತವಾಗಿ ಒಂದು ತಿಂಗಳಿಗೆ, ಅವಳು ಕಾಳು ಸೋಸುತ್ತಾ ಕೂತಿದ್ದಾಗ. ಅವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ಅಡುಗೆ ಆಮೇಲೆ ಮಾಡುತ್ತೇನೆ, ಈಗಲೇ ಹೋಗಿ ಹೇಳಿ ಬನ್ನಿ ಎಂದಳು. ನಾನು ಹೋಗಲಿಲ್ಲ. ಆಮೇಲೆ ನಾಲ್ಕೈದು ದಿನಕ್ಕೊಮ್ಮೆ, ಹೇಳಿದಿರಾ ಎಂದು ಕೇಳುತ್ತಿದ್ದಳು. ನಾನು ಏನೋ ಒಂದು ನೆಪ ಹೇಳುತ್ತಿದ್ದೆ. ಮುದುಕರಿಗೆ ಮೈ ಹುಷಾರಿಲ್ಲ, ಹೋಟೆಲಿನಲ್ಲಿ ಜನ ಇದ್ದರು, ಈಗ ಹಬ್ಬ. ಬರಬರುತ್ತಾ ಅವಳು ಕೇಳುವುದನ್ನು ಬಿಟ್ಟಳು. ನನ್ನ ಗಾಡಿಯ ಹಿಂದೆ ಕೂತಾಗ ತಮಾಷೆ ಮಾಡುವುದನ್ನೂ ಬಿಟ್ಟಳು. ಎದುರಿನವನನ್ನು ನಾನು ಬೈದರೆ ಸುಮ್ಮನೆ ಕೂತಿರುತ್ತಿದ್ದಳು. ಕೊನೆಗೆ ಬೈಯಲು ನನಗೇ ಬಾಯಿ ಬರದಾಯಿತು.

ಹೀಗೆ ಹತ್ತು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಮುದುಕರು ಹೋಟೆಲಿನ ಮುಂದೆ ನನಗಾಗಿ ಕಾಯುತ್ತಿದ್ದರು. ಮುಖ ಅರಳಿತ್ತು. ಚಹಾದ ಜೊತೆ ಬಿಸಿ ಮಿರ್ಚಿ ಬಜ್ಜಿಯನ್ನೂ ಹೇಳಿದರು. ಮಗಳು ನಿನ್ನೆ ಗಂಡನ ಮನೆಗೆ ಹೋದಳು ಎಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹೇಗೆ ಒಪ್ಪಿದಿರಿ ಎಂದು ಕೇಳಿದೆ.

"ಕೊನೆಗೂ ಒಪ್ಪಿಕೊಂಡ್ರಿ ಅವನು. ಹೊಸ್ತಿಲ ಹೊರಗೆ ನಿಂತು ಹೇಳಿದ, ಯಾರೂ ತೋರಿಸಿರಲಿಲ್ಲ ಮಾವ, ಬೈತೀರಿ ಅಂತ ನಾನೇ ಕಟ್ಟಿ ಹೇಳಿದ್ದೆ ಅಂತ. ಕಾಲು ಮುಟ್ಟಿದ. ನನಗೆ ಅಷ್ಟೇ ಬೇಕಾಗಿತ್ತು."

ಮಿರ್ಚಿ ಕೈಯಲ್ಲಿ ಹಾಗೇ ಉಳಿಯಿತು. ಅವನು ಹತ್ತು ತಿಂಗಳು ನಿಜ ಹೇಳಿದ್ದ, ಯಾರೂ ನಂಬಲಿಲ್ಲ. ಹೆಂಡತಿ ಮನೆಗೆ ಬರಲಿ ಎಂದು ಸುಳ್ಳು ಹೇಳಿದ, ಎಲ್ಲರೂ ನಂಬಿದರು. ನನ್ನ ಸುಳ್ಳನ್ನು ಅವನು ತಲೆಯ ಮೇಲೆ ಹೊತ್ತುಕೊಂಡು, ಕಾಲು ಮುಟ್ಟಿ, ಕ್ಷಮೆ ಕೇಳಿ ಹೋಗಿದ್ದ.

ಆವತ್ತು ಹೇಳಿದೆ. ಹೋಟೆಲಿನಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂದು ನೋಡಲಿಲ್ಲ. ತಲೆ ತಟ್ಟಿ ತೋರಿಸಿದವನು ನಾನು, ಆಸ್ಪತ್ರೆಯಲ್ಲಿ ನಿಮಗೆ ಹೇಳಿದ್ದು ಸುಳ್ಳು, ನಿಮ್ಮ ಅಳಿಯ ಮೊದಲು ಹೇಳಿದ್ದೇ ನಿಜ ಎಂದೆ. ಮುದುಕರು ಲೋಟ ಬೆಂಚಿನ ಮೇಲಿಟ್ಟರು. ಆಮೇಲೆ ನಕ್ಕರು. ನನ್ನ ಭುಜದ ಮೇಲೆ ಕೈಯಿಟ್ಟು, ಅವನು ಬಂದು ನಿಮ್ಮ ಹತ್ತಿರ ಅತ್ತುಕೊಂಡನೇನು ಎಂದು ಕೇಳಿದರು. ಮಾವನ ಮುಂದೆ ಅಳಿಯನ ಮರ್ಯಾದೆ ಉಳಿಯಲಿ ಎಂದು ನೀವು ಹೀಗೆ ಹೇಳುತ್ತೀರಿ, ನಿಮ್ಮದು ದೊಡ್ಡ ಮನಸ್ಸು, ಆದರೆ ಅವನೇ ಒಪ್ಪಿಕೊಂಡು ಆಗಿದೆ, ನಾನೂ ಮನಸ್ಸಿನಿಂದ ತೆಗೆದು ಹಾಕಿದ್ದೇನೆ ಎಂದರು. ನಾನು ಆಣೆ ಮಾಡಿ ಹೇಳಿದೆ. ಅವರು ಇನ್ನೂ ನಕ್ಕು, ಹೋಟೆಲಿನವನಿಗೆ ನನ್ನನ್ನು ತೋರಿಸಿ, ಇಂಥವರು ಇರುವುದಕ್ಕೇ ಮಳೆ ಬೆಳೆ ಆಗುತ್ತಿದೆ ಎಂದರು.

ಭಾನುವಾರ ಕಡರನಾಯಕನಹಳ್ಳಿಗೆ ಹೊರಟೆ. ಜೊತೆಗೆ ಬಾ ಎಂದು ಹೆಂಡತಿಯನ್ನು ಕರೆದೆ. ಇದು ನೀವೊಬ್ಬರೇ ಹೋಗಬೇಕಾದದ್ದು ಎಂದಳು. ಬಾಗಿಲ ತನಕ ಬಂದು ಹೆಲ್ಮೆಟ್ ಕೈಗೆ ಕೊಟ್ಟಳು. ಬಾತಿ ದಾಟಿದ ಮೇಲೆ ಡಿವೈಡರಿನ ಆ ಸಂದಿ ಹಾಗೇ ಇತ್ತು. ನಾನು ನೋಡುತ್ತಿರುವಾಗಲೇ ಒಬ್ಬ ಅದರಲ್ಲಿ ಬೈಕ್ ನುಗ್ಗಿಸಿ ಈ ಕಡೆ ಬಂದ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಎಡಗಾಲನ್ನು ಉದ್ದಕ್ಕೆ ಚಾಚಿ, ಅವರೆಕಾಯಿ ಬಿಡಿಸುತ್ತಿದ್ದಳು. ಬಗ್ಗಿ ಕೂರಲು ಆಗುವುದಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ನನ್ನನ್ನು ಕಂಡು ಏಳಲು ಹೋದಳು, ಬೇಡ ಎಂದೆ. ಗಂಡನನ್ನು ಕೂಗಿ ಕರೆದಳು. ಅವನು ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು ನನಗೊಂದು ಕುರ್ಚಿ ಹಾಕಿದ. ಹತ್ತು ತಿಂಗಳಲ್ಲಿ ಅವನು ಇಳಿದು ಹೋಗಿದ್ದ. ನಾನು ಕೂರದೆ, ನಿಂತೇ, ಮೊದಲಿನಿಂದ ಕೊನೆಯ ತನಕ ಹೇಳಿದೆ. ಬೆಂಚಿನಡಿ ಹೆಲ್ಮೆಟ್ ಸರಿಸಿದ್ದನ್ನೂ ಬಿಡಲಿಲ್ಲ.

ಅವಳು ಕೇಳಿ ಮುಗಿಸಿ, ತಮ್ಮಂದಿರಿಗೆ ಹೇಳುವ ಹಾಗೆ ಸಮಾಧಾನದ ದನಿಯಲ್ಲಿ ಹೇಳಿದಳು.

"ಅಪ್ಪ ಫೋನ್ ಮಾಡಿದ್ರು ಸರ್. ನೀವು ಬಂದ್ರೂ ಬರಬಹುದು, ಹಿಂಗಿಂಗೆ ಹೇಳ್ತಾರೆ ಅಂದಿದ್ರು. ನೀವ್ಯಾಕ ಮೈಮೇಲೆ ಹಾಕ್ಕೋತೀರಿ? ಇವ್ರೇ ಬಾಯಿಬಿಟ್ಟು ಹೇಳ್ಯಾರೆ. ನನಗೂ ಈಗ ಸಿಟ್ಟಿಲ್ಲ."

ಟ್ಯಾಂಕಿನ ಮೇಲೆ ಹಸಿರು ಚೀಲ ಇತ್ತು, ನಾನು ಎದುರಿನಿಂದ ನೋಡಿದೆ ಎಂದೆ. ಆ ಚೀಲವನ್ನು ನೀವೇ ಅಲ್ಲವೇ ಆರಿಸಿಕೊಟ್ಟಿದ್ದು ಎಂದಳು. ಅವನು ತಲೆಯಾಡಿಸಿದ, ಆಮೇಲೆ ತಿರುಗಿದ ಎಂದೆ. ಇವರೇ ಅದನ್ನು ಸಾವಿರ ಸಲ ಎಲ್ಲರ ಮುಂದೆ ಹೇಳಿದ್ದಾರಲ್ಲ ಎಂದಳು. ನನ್ನ ಹತ್ತಿರ ಇದ್ದ ಸಾಕ್ಷಿಯೆಲ್ಲ ನಾನು ಮಾಡಿದ ಉಪಕಾರದ ಜೊತೆ ಬೆರೆತು ಹೋಗಿತ್ತು. ಅವಳು ಬಿಡಿಸಿದ ಅವರೆಕಾಳನ್ನು ಒಂದು ಚೀಲಕ್ಕೆ ಹಾಕಿ, ಮನೆಯಲ್ಲಿ ಅಕ್ಕಾರಿಗೆ ಕೊಡಿ ಎಂದು ನನ್ನ ಕೈಯಲ್ಲಿಟ್ಟಳು. ಬೇಡ ಎನ್ನಲು ನೋಡಿದೆ, ಬಿಡಲಿಲ್ಲ. ಗಂಡ ಇಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದ.

ಹೊರಟಾಗ ಅವನು ನನ್ನ ಜೊತೆ ಓಣಿಯ ತುದಿಯ ತನಕ ಬಂದ. ನಾನು ಸ್ಕೂಟರನ್ನು ತಳ್ಳಿಕೊಂಡು ನಡೆದೆ. ಮನೆ ಮರೆಯಾದ ಮೇಲೆ ನಿಂತ.

"ಎಡಗೈ," ಎಂದ. "ಎರಡು ಸಲ ತಟ್ಟಿದ್ರಿ."

ನಾನು ಹೌದು ಎಂದೆ. ಕ್ಷಮೆ ಕೇಳಬೇಕು ಎಂದು ಬಾಯಿ ತೆರೆದೆ, ಅವನು ಕೈ ಅಡ್ಡ ಹಿಡಿದ.

"ತೋರಿಸಿದ್ದಕ್ಕೆ ನನಗೇನೂ ಇಲ್ರಿ ಸರ್. ಎಲ್ಲಾರೂ ತೋರಿಸ್ತಾರೆ, ನಾನೂ ತೋರಿಸೀನಿ. ನೋಡದೆ ತಿರುಗಿಸಿದೋನು ನಾನು. ಆದ್ರೆ ಅವತ್ತು ಮಾವ ಕೇಳಿದಾಗ ನಾನು ನಿಮ್ಮ ಮುಖಾನೇ ನೋಡ್ತಿದ್ದೆ. ಇವರು ಒಬ್ರಾದ್ರೂ ನೋಡಿರ್ತಾರೆ, ಹೂಂ ಅಂತಾರೆ ಅಂತ."

ನನ್ನ ಕಣ್ಣಲ್ಲಿ ನೀರು ಬಂತು. ವಾಪಸ್ ಬಂದು ಅವಳಿಗೆ ಇನ್ನೊಮ್ಮೆ ಹೇಳುತ್ತೇನೆ, ನಂಬುವ ತನಕ ಹೇಳುತ್ತೇನೆ ಎಂದೆ.

"ಬ್ಯಾಡ್ರಿ. ಮತ್ತೆ ಮೊದಲಿಂದ ಶುರುವಾಗ್ತೈತೆ. ಈಗ ಮನೇಗ್ ಬಂದಾಳೆ, ಮಾತಾಡ್ತಾಳೆ. ನಾನು ಸುಳ್ಳುಗಾರ ಅಂತಾನೇ ಇರ್ಲಿ."

ಅಷ್ಟು ಹೇಳಿ ಅವನು ರಸ್ತೆಗೆ ಇಳಿದ. ಹುಲ್ಲಿನ ಟ್ರ್ಯಾಕ್ಟರ್ ಒಂದು ಬರುತ್ತಿತ್ತು. ಅದರ ಮುಂದೆ ನಿಂತು, ಕೈ ಚಾಚಿ ಅದನ್ನು ತಡೆದು, ಎರಡೂ ಕಡೆ ನೋಡಿ, ಬನ್ನಿ ಎಂದು ನನಗೆ ದಾರಿ ಮಾಡಿಕೊಟ್ಟ. ನಾನು ತಲೆ ಬಗ್ಗಿಸಿ ಗಾಡಿ ತಿರುಗಿಸಿಕೊಂಡು ದಾವಣಗೆರೆಯ ಕಡೆ ಹೊರಟೆ.